ನೋಟಿಸ್ ಪೀರಿಯಡ್‌ನಲ್ಲಿ ಒಂದು ಜೊತೆ ಕಾಲುಚೀಲ

ರಾಜೀನಾಮೆ ಕೊಟ್ಟ ದಿನದಿಂದ ಹೊಸ ಕಚೇರಿಯ ಮೊದಲ ಸಂಬಳ ಬರುವವರೆಗಿನ ಕಾಲ ಬಹುತೇಕ ಕಾಯುವುದರಲ್ಲೇ ಹೋಗುತ್ತದೆ. ರಿಲೀವಿಂಗ್ ಲೆಟರ್‌ಗೆ ಕಾಯಬೇಕು, ಹಳೆಯ ಮನೆಯ ಅಡ್ವಾನ್ಸ್ ವಾಪಸು ಬರಲು ಕಾಯಬೇಕು, ಹೊಸ ಊರಿನ ಬ್ರೋಕರ್ ಫೋನಿಗೆ, ಪಿಎಫ್ ವರ್ಗಾವಣೆಗೆ, ಮಕ್ಕಳ ಶಾಲೆಯ ಸೀಟಿಗೆ ಕಾಯಬೇಕು. ಇದರಲ್ಲಿ ಯಾವುದೂ ನಮ್ಮ ಕೈಯಲ್ಲಿಲ್ಲ. ಆದರೆ ಕೈ ಸುಮ್ಮನೆ ಕೂರುವುದಿಲ್ಲ. ಐದು ನಿಮಿಷಕ್ಕೊಮ್ಮೆ ಫೋನೆತ್ತಿ ಇಮೇಲ್ ಬಂದಿದೆಯೇ ಎಂದು ನೋಡುತ್ತಿರುತ್ತದೆ. ಆ ಕೈಗೆ ಕೊಡಬಹುದಾದ ಒಂದು ಒಳ್ಳೆಯ ಕೆಲಸ ಕಾಲುಚೀಲ ಹೆಣೆಯುವುದು.

ಕೆಲಸ ಬದಲಿಸುವುದು ಸಂತೋಷದ ಸುದ್ದಿಯಾದರೂ ಮೈಗೂ ಮನಸ್ಸಿಗೂ ಅದು ಭಾರವೇ. 1967ರಲ್ಲಿ ಅಮೆರಿಕದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ವೈದ್ಯರು ಬದುಕಿನ 43 ಬದಲಾವಣೆಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡಿದರು. ಸಂಗಾತಿಯ ಸಾವಿಗೆ 100, ಮದುವೆಗೆ 50. ಬೇರೆ ಬಗೆಯ ಕೆಲಸಕ್ಕೆ ಹೋದರೆ 36, ಮನೆ ಬದಲಿಸಿದರೆ 20, ಕೆಲಸದ ವೇಳೆ ಅಥವಾ ಸ್ಥಿತಿಗತಿ ಬದಲಾದರೆ 20. ಊರು ಬಿಟ್ಟು ಕೆಲಸಕ್ಕೆ ಹೊರಟವರಿಗೆ ಈ ಮೂರೂ ಒಟ್ಟಿಗೇ ಬಂದು 76 ಆಗುತ್ತದೆ. ಮದುವೆಗೆ ನೆರವಾಗಲು ಬಂಧುಬಳಗವೆಲ್ಲ ಬಂದು ನಿಲ್ಲುತ್ತದೆ, ಕೆಲಸ ಬದಲಿಸುವವರ ಜೊತೆಗೆ ಯಾರೂ ನಿಲ್ಲುವುದಿಲ್ಲ.

ಹೆಣಿಗೆ ಮನಸ್ಸನ್ನು ತಿಳಿಗೊಳಿಸುತ್ತದೆ ಎನ್ನುವುದು ಅಜ್ಜಿಯಂದಿರ ಮಾತಷ್ಟೇ ಅಲ್ಲ. ಜಿಲ್ ರೈಲಿ, ಬೆಟ್ಸಾನ್ ಕಾರ್ಕ್‌ಹಿಲ್ ಮತ್ತು ಕ್ಲೇರ್ ಮಾರಿಸ್ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 31 ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಚ್ಚು ಶಾಂತಿ, ಹೆಚ್ಚು ಸಂತೋಷ ಸಿಗುತ್ತದೆಂದು ಹೇಳಿದರು. ಉತ್ತರಿಸಿದವರೆಲ್ಲ ಮೊದಲೇ ಹೆಣಿಗೆ ಮೆಚ್ಚಿದವರು ಎಂಬುದನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು. ಆದರೂ ಹೆಣೆದವರಿಗೆ ಇದು ಅನುಭವದ ಮಾತು. ಒಂದೇ ಚಲನೆ ಮತ್ತೆ ಮತ್ತೆ ಬರುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ.

ಹಾಗಾದರೆ ಮಫ್ಲರ್ ಯಾಕಲ್ಲ, ಸ್ವೆಟರ್ ಯಾಕಲ್ಲ? ಮಫ್ಲರಿನಲ್ಲಿ ಮೊದಲ ಸಾಲೂ ಕೊನೆಯ ಸಾಲೂ ಒಂದೇ. ಕೈ ಓಡುತ್ತದೆ, ಅದರ ಜೊತೆಗೆ ಚಿಂತೆಯೂ ಓಡುತ್ತದೆ. ಸ್ವೆಟರ್ ದೊಡ್ಡದು, ಮನೆ ಖಾಲಿ ಮಾಡುವಾಗ ಅರ್ಧಕ್ಕೆ ನಿಂತರೆ ಮತ್ತೆ ಕೈಗೆತ್ತಿಕೊಳ್ಳುವ ಮನಸ್ಸಾಗುವುದಿಲ್ಲ. ಕಾಲುಚೀಲ ಹ್ಯಾಂಡ್‌ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಅಂಚು, ಕಾಲು, ಹಿಮ್ಮಡಿ, ಪಾದ, ಬೆರಳು ಎಂದು ಕೆಲವು ದಿನಕ್ಕೊಮ್ಮೆ ಕೆಲಸದ ಬಗೆಯೇ ಬದಲಾಗುತ್ತದೆ. ಬೇರೇನೂ ಮುಗಿಯದ ವಾರದಲ್ಲಿ ಒಂದು ಹಿಮ್ಮಡಿ ಮುಗಿಯುತ್ತದೆ. ಹುಬ್ಬಳ್ಳಿಯ ಕೆಲಸ ಬಿಟ್ಟು ಬೆಂಗಳೂರಿಗೆ ಬಂದ ದಿನಗಳಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ.

ನಮ್ಮಲ್ಲಿ ಕಾಲುಚೀಲ ಹೆಣೆಯುವುದು ಹೊಸದೇನಲ್ಲ. ಬಾಣಂತಿಗೆ ಥಂಡಿ ತಾಗಬಾರದೆಂದು ತಲೆಗೆ ಸ್ಕಾರ್ಫ್, ಕಾಲಿಗೆ ಉಣ್ಣೆ ಚೀಲ. ಕೂಸಿಗೆ ಕುಲಾವಿ, ಅಂಗೈಯಗಲದ ಕಾಲುಚೀಲ. ಆ ಚಿಕ್ಕ ಕಾಲುಚೀಲಗಳನ್ನು ದೊಡ್ಡಮ್ಮಂದಿರು ಎರಡೇ ಕಡ್ಡಿಯಲ್ಲಿ ಚಪ್ಪಟೆಯಾಗಿ ಹೆಣೆದು ಮಧ್ಯಕ್ಕೆ ಹೊಲಿಯುತ್ತಿದ್ದರು. ಇಲ್ಲಿ ಹೇಳುತ್ತಿರುವುದು ಹೊಲಿಗೆಯಿಲ್ಲದೆ, ಸುತ್ತಾಗಿ ಹೆಣೆಯುವ ದೊಡ್ಡವರ ಕಾಲುಚೀಲ. ಸೀದಾ ಮತ್ತು ಉಲ್ಟಾ ಕುಣಿಕೆ ಬರುವವರಿಗೆ ಉಳಿದದ್ದೆಲ್ಲ ಕಷ್ಟವಲ್ಲ.

ಬೇಕಾದ ಸಾಮಾನು

ಎರಡೂ ತುದಿ ಚೂಪಾಗಿರುವ ಐದು ಕಡ್ಡಿಗಳ ಸೆಟ್ಟು, ದಪ್ಪ 2.5 ಮಿಲಿಮೀಟರ್. ತೀರ ನುಣುಪಾದ ಉಕ್ಕಿನ ಕಡ್ಡಿಗಿಂತ ಬಿದಿರಿನದು ಹೊಸಬರಿಗೆ ಒಳ್ಳೆಯದು, ಕುಣಿಕೆ ಜಾರುವುದಿಲ್ಲ. ನೂಲು 100 ಗ್ರಾಂ, ಉದ್ದ ಸುಮಾರು 400 ಮೀಟರ್ ಇರುವಂಥ ತೆಳು ಎಳೆ. ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್ ಇರುವ ಸಾಕ್ಸ್ ನೂಲು ಎಲ್ಲಕ್ಕಿಂತ ಉತ್ತಮ: ಉಣ್ಣೆ ಹಿಗ್ಗಿ ಕಾಲಿಗೆ ಕೂರುತ್ತದೆ, ನೈಲಾನ್ ಹಿಮ್ಮಡಿ ಸವೆಯದಂತೆ ತಡೆಯುತ್ತದೆ. ಫ್ಯಾನ್ಸಿ ಸ್ಟೋರುಗಳಲ್ಲಿ ಉಲ್ಲನ್ ಎಂದು ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಕಲಿಯಲು ಅದು ಸಾಕು, ರಾತ್ರಿ ಮನೆಯಲ್ಲಿ ಹಾಕಿಕೊಳ್ಳಲೂ ಸಾಕು. ಶೂ ಒಳಗೆ ಬೆವರು ಹೀರುವುದಿಲ್ಲ. ಅಪ್ಪಟ ಹತ್ತಿ ನೂಲು ಹಿಗ್ಗದು, ಮೊದಲ ಜೊತೆಗೆ ಬೇಡ.

ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿಯಲ್ಲಿ ರಾತ್ರಿ ದೀಪದಡಿ ಕುಣಿಕೆ ಕಾಣಿಸದೆ ಕಣ್ಣಿಗೆ ಶ್ರಮ. ಇವುಗಳ ಜೊತೆಗೆ ದೊಡ್ಡ ಕಣ್ಣಿನ ಮೊಂಡು ಸೂಜಿ, ಟೇಪು, ಸಣ್ಣ ಕತ್ತರಿ, ಒಂದು ಬಟ್ಟೆ ಚೀಲ. ಅಡುಗೆಮನೆಯ ತಕ್ಕಡಿಯಿದ್ದರೆ ನೂಲನ್ನು ಮೊದಲೇ 50 ಗ್ರಾಮಿನ ಎರಡು ಉಂಡೆ ಮಾಡಿಕೊಳ್ಳಿ. ಪ್ಯಾಕರ್ಸ್‌ನವರು ಬರುವ ದಿನ ಈ ಚೀಲ ಯಾವ ಪೆಟ್ಟಿಗೆಗೂ ಹೋಗಬಾರದು, ಹೆಗಲಿಗಿರಬೇಕು. ವಿಮಾನದಲ್ಲಿ ಹೋಗುವವರು ಮಾತ್ರ ಕಡ್ಡಿಗಳನ್ನು ಚೆಕ್‌ಇನ್ ಬ್ಯಾಗಿಗೆ ಹಾಕುವುದು ಕ್ಷೇಮ.

ಅಳತೆ ಮತ್ತು ಆರಂಭ

ಪಾದದ ಅಗಲವಾದ ಭಾಗಕ್ಕೆ ಟೇಪು ಸುತ್ತಿ. ಸುತ್ತಳತೆ 22 ಸೆಂಟಿಮೀಟರ್ ಇದ್ದರೆ ಕಾಲುಚೀಲ 20 ಇರಬೇಕು. ಹತ್ತನೇ ಒಂದು ಪಾಲು ಚಿಕ್ಕದಿದ್ದರೇ ಅದು ಜಾರದೆ ನಿಲ್ಲುವುದು. ಸಣ್ಣ ತುಂಡೊಂದನ್ನು ಹೆಣೆದು 10 ಸೆಂಟಿಮೀಟರ್‌ಗೆ 30 ಕುಣಿಕೆ ಬರುತ್ತದೆಯೇ ನೋಡಿ. ಕಡಿಮೆ ಬಂದರೆ ಕೈ ಸಡಿಲ, ತೆಳು ಕಡ್ಡಿ ಹಿಡಿಯಿರಿ. ಒತ್ತಡದ ದಿನಗಳಲ್ಲಿ ಕೈ ತಾನಾಗಿ ಬಿಗಿಯಾಗುತ್ತದೆ, ಆದ್ದರಿಂದ ಈ ಪರೀಕ್ಷೆಯನ್ನು ಬಿಡುವಿನ ಭಾನುವಾರ ಮಾಡಿ.

30 ಬಂದರೆ 60 ಕುಣಿಕೆ ಹಾಕಿಕೊಳ್ಳಿ, ಸಡಿಲವಾಗಿ. ನಾಲ್ಕು ಕಡ್ಡಿಗೆ 16, 16, 16, 12 ಎಂದು ಹಂಚಿ, ಕುಣಿಕೆಗಳು ತಿರುಚಿಕೊಂಡಿಲ್ಲವೆಂದು ನೋಡಿಕೊಂಡು ಸುತ್ತಿಗೆ ಸೇರಿಸಿ, ಐದನೆಯ ಕಡ್ಡಿಯಿಂದ ಹೆಣೆಯಿರಿ. ಎರಡು ಸೀದಾ, ಎರಡು ಉಲ್ಟಾ, ಹೀಗೆ 16 ಸುತ್ತು. ಇದೇ ಹಿಗ್ಗುವ ಅಂಚು. ಮೊದಲ ಮೂರು ಸುತ್ತಿನಲ್ಲಿ ಕಡ್ಡಿಗಳು ಎತ್ತೆತ್ತಲೋ ಚಾಚಿಕೊಂಡು ಗಲಿಬಿಲಿ ಅನಿಸುತ್ತದೆ. ನಾಲ್ಕನೆಯ ಸುತ್ತಿಗೆ ಅದು ಅಡಗುತ್ತದೆ, ಅಲ್ಲಿಯವರೆಗೆ ಬಿಡಬೇಡಿ.

ಕಾಲಿನ ಭಾಗ: ಫೋನಿಗೆ ಕಾಯುವ ಹೊತ್ತಿಗೆ

ಅಂಚು ಮುಗಿದ ಮೇಲೆ ಪ್ರತಿ ಕಡ್ಡಿಗೆ 15ರಂತೆ ಹಂಚಿಕೊಂಡು ಬರೀ ಸೀದಾ ಹೆಣೆಯುತ್ತ ಹೋಗಿ. ಸುತ್ತಾಗಿ ಹೆಣೆಯುವಾಗ ಉಲ್ಟಾ ಸಾಲೇ ಬೇಡ. ಮೇಲಿನಿಂದ ಒಟ್ಟು ಉದ್ದ 15 ಸೆಂಟಿಮೀಟರ್ ಆಗುವವರೆಗೆ ಇದೇ. ಎಣಿಸಬೇಕಿಲ್ಲ, ನೋಡಬೇಕಿಲ್ಲ. ಎಚ್‌ಆರ್ ಕರೆ ಹೋಲ್ಡ್‌ನಲ್ಲಿದ್ದಾಗ, ಬ್ಯಾಂಕಿನ ಸಾಲಿನಲ್ಲಿ, ರಾತ್ರಿ ನಿದ್ದೆ ಬಾರದೆ ಎದ್ದು ಕೂತಾಗ ಇದನ್ನು ಹಿಡಿಯಿರಿ.

ನನ್ನ ಖಚಿತ ಅಭಿಪ್ರಾಯ ಇದು: ಕಾಲುಚೀಲದ ಯಾವ ಭಾಗವನ್ನು ಯಾವ ದಿನ ಹೆಣೆಯಬೇಕೆಂದು ಆರಿಸಿಕೊಳ್ಳುವುದರಲ್ಲೇ ಇದರ ನೆಮ್ಮದಿಯೆಲ್ಲ ಇದೆ. ಬಾಸ್ ಜೊತೆ ಜಟಾಪಟಿಯಾದ ಸಂಜೆ ಹಿಮ್ಮಡಿಗೆ ಕೈ ಹಾಕಿದರೆ ತಪ್ಪಾಗುತ್ತದೆ, ಬಿಚ್ಚಬೇಕಾಗುತ್ತದೆ, ಆ ದಿನದ ಸೋಲಿಗೆ ಇನ್ನೊಂದು ಸೇರುತ್ತದೆ. ಅಂಥ ದಿನಕ್ಕೆ ಕಾಲಿನ ಭಾಗ ಅಥವಾ ಪಾದದ ಭಾಗ. ತಲೆಯಲ್ಲಿ ಒಂದೇ ಯೋಚನೆ ಗಿರಗಿರ ತಿರುಗುತ್ತಿದ್ದು, ಬೇರೆ ಅವಸರವಿಲ್ಲದ ದಿನಕ್ಕೆ ಹಿಮ್ಮಡಿ. ಎಣಿಸುವಾಗ ಮನಸ್ಸಿಗೆ ಬೇರೆಲ್ಲೂ ಜಾಗವಿರುವುದಿಲ್ಲ.

ಹಿಮ್ಮಡಿ: ಬಾಗಿಲು ಹಾಕಿಕೊಂಡು ಕೂರುವ ಕೆಲಸ

ಅರ್ಧ ಕುಣಿಕೆಗಳನ್ನು, ಅಂದರೆ 30ನ್ನು, ಒಂದೇ ಕಡ್ಡಿಗೆ ತನ್ನಿ. ಉಳಿದ 30 ಸುಮ್ಮನೆ ಕಾಯಲಿ. ಈಗ ಸುತ್ತು ಬಿಟ್ಟು ಹಿಂದಕ್ಕೂ ಮುಂದಕ್ಕೂ ಹೆಣೆಯಬೇಕು. ಮುಂಬದಿಯ ಸಾಲಿನಲ್ಲಿ ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸಿ, ಇನ್ನೊಂದನ್ನು ಸೀದಾ ಹೆಣೆಯಿರಿ, ಕೊನೆಯವರೆಗೂ ಹೀಗೇ. ಹಿಂಬದಿಯ ಸಾಲಿನಲ್ಲಿ ಮೊದಲನೆಯದನ್ನು ಜಾರಿಸಿ ಉಳಿದದ್ದೆಲ್ಲ ಉಲ್ಟಾ. ಒಟ್ಟು 30 ಸಾಲು. ಜಾರಿಸಿದ ಕುಣಿಕೆಗಳಿಂದ ಬಟ್ಟೆ ದಪ್ಪವಾಗುತ್ತದೆ, ಚಪ್ಪಲಿ ಉಜ್ಜುವ ಜಾಗಕ್ಕೆ ಆ ದಪ್ಪ ಬೇಕೇ ಬೇಕು.

ಮುಂದಿನದು ಹಿಮ್ಮಡಿಯ ಬಟ್ಟಲು. ಮುಂಬದಿಯಲ್ಲಿ: ಒಂದು ಜಾರಿಸಿ, 16 ಸೀದಾ, ಎರಡನ್ನು ಒಂದಾಗಿಸಿ, ಇನ್ನೊಂದು ಸೀದಾ. ಇಲ್ಲಿಗೇ ನಿಂತು, ಬಾಕಿ 10 ಕುಣಿಕೆ ಬಿಟ್ಟು, ಕೆಲಸ ತಿರುಗಿಸಿ. ಹಿಂಬದಿಯಲ್ಲಿ: ಒಂದು ಜಾರಿಸಿ, ಐದು ಉಲ್ಟಾ, ಎರಡನ್ನು ಒಂದಾಗಿಸಿ ಉಲ್ಟಾ, ಇನ್ನೊಂದು ಉಲ್ಟಾ, ತಿರುಗಿಸಿ. ಈಗ ಎರಡೂ ಕಡೆ ಒಂದೊಂದು ಸಣ್ಣ ಸಂದು ಕಾಣುತ್ತದೆ. ಮುಂದಿನ ಪ್ರತಿ ಸಾಲಿನಲ್ಲೂ ಸಂದಿನ ಆಚೀಚಿನ ಕುಣಿಕೆಗಳನ್ನು ಸೇರಿಸಿ ಒಂದಾಗಿಸಿ, ಒಂದು ಹೆಚ್ಚಿಗೆ ಹೆಣೆದು, ತಿರುಗಿಸಿ. ಸಾಲಿನಿಂದ ಸಾಲಿಗೆ ನಡುವಿನ ಕುಣಿಕೆ ಐದು, ಆರು, ಏಳು ಎಂದು ಬೆಳೆಯುತ್ತದೆ. 12 ಸಾಲಿಗೆ ಎಲ್ಲವೂ ಮುಗಿದು 18 ಕುಣಿಕೆ ಉಳಿಯಬೇಕು. ಚಪ್ಪಟೆ ಬಟ್ಟೆ ಕಣ್ಣೆದುರೇ ಮಡಿಸಿಕೊಂಡು ಹಿಮ್ಮಡಿಯಾಗುವುದನ್ನು ಮೊದಲ ಸಲ ನೋಡಿದವರು ಮನೆಯವರನ್ನೆಲ್ಲ ಕರೆದು ತೋರಿಸದೆ ಇರಲಾರರು.

ಮುಂಬದಿಯಲ್ಲಿ ಎರಡನ್ನು ಒಂದಾಗಿಸುವ ಬಗೆ: ಎರಡು ಕುಣಿಕೆಗಳನ್ನು ಒಂದೊಂದಾಗಿ ಸೀದಾ ಹೆಣೆಯುವಂತೆ ಬಲಗಡೆಯ ಕಡ್ಡಿಗೆ ಜಾರಿಸಿ, ಎಡಗಡೆಯ ಕಡ್ಡಿಯನ್ನು ಅವುಗಳ ಮುಂದಿನಿಂದ ತೂರಿಸಿ ಒಟ್ಟಿಗೆ ಹೆಣೆಯಿರಿ. ಇದು ಎಡಕ್ಕೆ ವಾಲುತ್ತದೆ. ಎರಡನ್ನೂ ನೇರವಾಗಿ ಒಟ್ಟಿಗೆ ಸೀದಾ ಹೆಣೆದರೆ ಬಲಕ್ಕೆ ವಾಲುತ್ತದೆ. ಮುಂದೆ ಎರಡೂ ಬೇಕಾಗುತ್ತವೆ.

ಪಾದ ಮತ್ತು ಬೆರಳು

18ನ್ನೂ ಸೀದಾ ಹೆಣೆದು, ಹಿಮ್ಮಡಿ ಪಟ್ಟಿಯ ಪಕ್ಕದ ಅಂಚಿನಿಂದ 15, ಮೂಲೆಯಿಂದ ಒಂದು, ಒಟ್ಟು 16 ಕುಣಿಕೆ ಎತ್ತಿಕೊಳ್ಳಿ. ಮೂಲೆಯ ಒಂದನ್ನು ಬಿಟ್ಟರೆ ಅಲ್ಲಿ ತೂತು ಉಳಿಯುತ್ತದೆ. ಕಾಯುತ್ತಿದ್ದ 30ನ್ನು ಹೆಣೆದು, ಆಚೆ ಪಕ್ಕದಲ್ಲೂ ಮೂಲೆಯಿಂದ ಶುರುಮಾಡಿ 16 ಎತ್ತಿ. ಈಗ ಒಟ್ಟು 80. ಮತ್ತೆ ಸುತ್ತು. ಪಾದದ ಮೇಲಿನ 30ನ್ನು ಮುಟ್ಟಬೇಡಿ. ಅದಕ್ಕೆ ಮುಂಚಿನ ಮೂರು ಕುಣಿಕೆಯಲ್ಲಿ ಎರಡನ್ನು ಬಲಕ್ಕೆ ವಾಲಿಸಿ ಒಂದಾಗಿಸಿ, ಒಂದು ಸೀದಾ. ಅದು ದಾಟಿದ ಮೇಲೆ ಒಂದು ಸೀದಾ, ಎರಡನ್ನು ಎಡಕ್ಕೆ ವಾಲಿಸಿ ಒಂದಾಗಿಸಿ. ಮರುಸುತ್ತು ಸಾದಾ. ಹೀಗೆ ಹತ್ತು ಸಲ ಕಳೆದರೆ ಮತ್ತೆ 60ಕ್ಕೆ ಬರುತ್ತೀರಿ. ಅಲ್ಲಿಂದ ಮುಂದೆ, ಪಾದದ ಉದ್ದಕ್ಕೆ 5 ಸೆಂಟಿಮೀಟರ್ ಕಡಿಮೆ ಇರುವವರೆಗೆ ಯೋಚಿಸದೆ ಹೆಣೆಯಿರಿ.

ಬೆರಳಿಗೆ ಮೇಲೆ 30, ಕೆಳಗೆ 30. ಪ್ರತಿ ಅರ್ಧದಲ್ಲೂ ಒಂದು ಸೀದಾ, ಎಡಕ್ಕೆ ಒಂದು ಕಡಿತ, ಕೊನೆಯ ಮೂರು ಉಳಿದಾಗ ಬಲಕ್ಕೆ ಒಂದು ಕಡಿತ, ಒಂದು ಸೀದಾ. ಒಂದು ಸುತ್ತಿಗೆ ನಾಲ್ಕು ಕಡಿಮೆ. ಸುತ್ತು ಬಿಟ್ಟು ಸುತ್ತು ಏಳು ಸಲ ಮಾಡಿದರೆ 32, ಆಮೇಲೆ ಪ್ರತಿ ಸುತ್ತೂ ನಾಲ್ಕು ಸಲ ಮಾಡಿದರೆ 16.

ಕೊನೆಗೆ 8–8ರ ಎರಡು ಕಡ್ಡಿಯನ್ನು ಅಕ್ಕಪಕ್ಕ ಹಿಡಿದು ಮೊಂಡು ಸೂಜಿಯಿಂದ ಬೆಸೆಯಬೇಕು. ಮೊದಲಿಗೆ ಮುಂದಿನ ಕಡ್ಡಿಯ ಒಂದನೆಯ ಕುಣಿಕೆಗೆ ಉಲ್ಟಾ, ಹಿಂದಿನ ಕಡ್ಡಿಯದಕ್ಕೆ ಸೀದಾ ಸೂಜಿ ತೂರಿಸಿ, ಎರಡನ್ನೂ ಕಡ್ಡಿಯಲ್ಲೇ ಬಿಡಿ. ಆಮೇಲೆ ಮುಂದಿನ ಕಡ್ಡಿಯಲ್ಲಿ: ಸೀದಾ ತೂರಿಸಿ ಇಳಿಸಿ, ಮುಂದಿನದಕ್ಕೆ ಉಲ್ಟಾ ತೂರಿಸಿ ಬಿಡಿ. ಹಿಂದಿನ ಕಡ್ಡಿಯಲ್ಲಿ: ಉಲ್ಟಾ ತೂರಿಸಿ ಇಳಿಸಿ, ಮುಂದಿನದಕ್ಕೆ ಸೀದಾ ತೂರಿಸಿ ಬಿಡಿ. ಇದೇ ಕೊನೆಯವರೆಗೆ. ಬೆರಳಿನ ತುದಿಯಲ್ಲಿ ಗಂಟು, ಏಣು ಏನೂ ಇರುವುದಿಲ್ಲ. ಈ ಬೆಸುಗೆಗೆ ಕಿಚನರ್ ಹೊಲಿಗೆ ಎಂದು ಹೆಸರು. ಮೊದಲ ಮಹಾಯುದ್ಧದಲ್ಲಿ ಮನೆಮನೆಗಳಲ್ಲಿ ಸೈನಿಕರಿಗೆಂದು ಕಾಲುಚೀಲ ಹೆಣೆಯುತ್ತಿದ್ದಾಗ ಬ್ರಿಟನ್ನಿನ ಯುದ್ಧಮಂತ್ರಿಯಾಗಿದ್ದ ಲಾರ್ಡ್ ಕಿಚನರ್ ಹೆಸರದು. 1902ರಿಂದ 1909ರವರೆಗೆ ಭಾರತದಲ್ಲಿ ಸೇನೆಯ ದಂಡನಾಯಕನಾಗಿದ್ದವನೂ ಅವನೇ. ಇದು ಕಷ್ಟವೆನಿಸಿದರೆ 16 ಕುಣಿಕೆಯೊಳಗೂ ನೂಲು ಹಾಯಿಸಿ ಎಳೆದು ಬಿಗಿದುಬಿಡಿ. ಮನೆಯೊಳಗೆ ಹಾಕಿಕೊಳ್ಳಲು ಏನೂ ತೊಂದರೆಯಿಲ್ಲ.

ಎರಡನೆಯದು ಹೊಸ ಊರಿನಲ್ಲಿ

ದಿನಕ್ಕೆ ಅರ್ಧ ಗಂಟೆ ಕೂತರೆ ಹೊಸಬರಿಗೆ ಒಂದು ಕಾಲುಚೀಲಕ್ಕೆ ಒಂದೂವರೆ ತಿಂಗಳು ಹಿಡಿಯಬಹುದು. 60 ಅಥವಾ 90 ದಿನದ ನೋಟಿಸ್ ಇರುವವರಿಗೆ ಹಳೆಯ ಊರಿನಲ್ಲೇ ಒಂದು ಮುಗಿಯುತ್ತದೆ. ಎರಡನೆಯದನ್ನು ಹೊಸ ಕೆಲಸದ ಮೊದಲ ವಾರಗಳಿಗೆ ಮೀಸಲಿಡಿ. ಯಾರ ಪರಿಚಯವೂ ಇಲ್ಲದ ಸಂಜೆಗಳು ಆಗಲೇ ಬರುವುದು. ಆದರೆ ಹೊರಡುವ ಮುನ್ನವೇ 60 ಕುಣಿಕೆ ಹಾಕಿ ನಾಲ್ಕು ಸುತ್ತು ಹೆಣೆದಿಟ್ಟುಕೊಳ್ಳಿ. ಪೆಟ್ಟಿಗೆ ಬಿಚ್ಚಿ ದಣಿದ ರಾತ್ರಿ ಹೊಸದಾಗಿ ಶುರು ಮಾಡುವ ಚೈತನ್ಯ ಇರುವುದಿಲ್ಲ, ಮುಂದುವರಿಸುವುದಾದರೆ ಸುಲಭ. ಮೊದಲನೆಯದರ ಕಾಲಿಗೆ ಎಷ್ಟು ಸುತ್ತು, ಪಾದಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಚೀಲದೊಳಗಿಡಿ, ಇಲ್ಲವಾದರೆ ಜೋಡಿ ಒಂದೇ ಅಳತೆಗೆ ಬರದು.

ದಿನವಿಡೀ ಕೀಬೋರ್ಡ್ ಒತ್ತುವ ಬೆರಳುಗಳಿಗೆ ಇದೂ ಕೆಲಸವೇ. 20 ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಚ್ಚಿ, ಮಣಿಕಟ್ಟು ತಿರುಗಿಸಿ. ಮಣಿಕಟ್ಟು ನೋಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಕೆಲವು ದಿನ ನಿಲ್ಲಿಸಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಎದೆ ಡವಗುಟ್ಟುವುದು ನಿಲ್ಲುತ್ತಿಲ್ಲ ಎಂದಾದರೆ ಅದು ಹೆಣಿಗೆಯಿಂದ ಹೋಗುವಂಥದ್ದಲ್ಲ, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮುಗಿದ ಜೋಡಿಯನ್ನು ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಕಾಲು ಗಂಟೆ ನೆನೆಸಿ. ತಿರುಚಿ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಿ. ಉಳಿದ ನೂಲನ್ನು ಎಸೆಯಬೇಡಿ. ಹಿಮ್ಮಡಿ ಮೊದಲು ಸವೆಯುತ್ತದೆ, ತೂತು ಬೀಳುವ ಮುಂಚೆಯೇ ಅದೇ ನೂಲಿನಿಂದ ಮೇಲೊಂದು ಎಳೆ ಓಡಿಸಿಬಿಡಬಹುದು.