ರಾಜನನ್ನು ಬಿಡಿಸಿದವರು ಯಾರು? 1141ರ ಇಂಗ್ಲೆಂಡ್ ಕುರಿತ ಒಂದು ಪೂರಕ ಪಾಠ

ವಿಷಯ: ಇತಿಹಾಸ
ತರಗತಿ: 9
ಅವಧಿ: 45 ನಿಮಿಷ
ಉಪಘಟಕ: ಬುಲೋನ್‌ನ ಮಟಿಲ್ಡಾ ರಾಣಿ ಮತ್ತು ಇಂಗ್ಲೆಂಡಿನ ಅಂತರ್ಯುದ್ಧ
ಬೋಧನೋಪಕರಣಗಳು: ಭೂಪಟ, ವಂಶವೃಕ್ಷದ ಚಾರ್ಟ್, ಕಾಲರೇಖೆ

ಉದ್ದೇಶಗಳು: ಪಾಠದ ಕೊನೆಗೆ ವಿದ್ಯಾರ್ಥಿಗಳು
1. ಅಂತರ್ಯುದ್ಧದ ಕಾರಣವನ್ನು ತಿಳಿಸುತ್ತಾರೆ.
2. ರಾಣಿಯ ಶಕ್ತಿಯ ಮೂಲಗಳನ್ನು ವಿವರಿಸುತ್ತಾರೆ.
3. ಆಧಾರಗ್ರಂಥದ ಪಕ್ಷಪಾತವನ್ನು ಗುರುತಿಸುತ್ತಾರೆ.

ಪೀಠಿಕೆ

ಕಪ್ಪುಹಲಗೆಯ ಮೇಲೆ ಈ ವಾಕ್ಯ ಬರೆಯಿರಿ: ‘ಸ್ಟೀಫನ್ ರಾಜನು 1141ರಲ್ಲಿ ಸೆರೆಯಾದನು, ಅದೇ ವರ್ಷ ಬಿಡುಗಡೆಯಾದನು.’ ನಂತರ ಕೇಳಿ: ಸೆರೆ ಹಿಡಿದವರು ಯಾರು? ಬಿಡಿಸಿದವರು ಯಾರು? ‘ಆದನು’ ಎಂಬ ಕ್ರಿಯಾಪದ ಕೆಲಸ ಮಾಡಿದವರನ್ನು ಮರೆಮಾಡುತ್ತದೆ. ಅವರನ್ನು ಹುಡುಕುವುದೇ ಇಂದಿನ ಪಾಠ.

ವಿಷಯ ನಿರೂಪಣೆ

ಹಂತ 1: ಜಗಳದ ಮೂಲ (8 ನಿಮಿಷ)
ಒಂದನೇ ಹೆನ್ರಿಯ ಮಗ 1120ರಲ್ಲಿ ಹಡಗು ಮುಳುಗಿ ಸತ್ತನು. ಆಗ ಹೆನ್ರಿ, ಜರ್ಮನಿಯ ಚಕ್ರವರ್ತಿಯ ವಿಧವೆಯಾಗಿದ್ದ ತನ್ನ ಮಗಳು ಮಟಿಲ್ಡಾಳನ್ನು ಉತ್ತರಾಧಿಕಾರಿ ಎಂದು ಒಪ್ಪುವಂತೆ ಸರದಾರರಿಂದ ಪ್ರಮಾಣ ಮಾಡಿಸಿದನು. ಅವರಲ್ಲಿ ಹೆನ್ರಿಯ ಸಹೋದರಿಯ ಮಗ ಸ್ಟೀಫನ್ನೂ ಒಬ್ಬ. ಆದರೆ 1135ರಲ್ಲಿ ಹೆನ್ರಿ ಸತ್ತೊಡನೆ ಕಿರೀಟ ಧರಿಸಿದವನು ಸ್ಟೀಫನ್.

ಸ್ಟೀಫನ್‌ನ ಹೆಂಡತಿಯ ಹೆಸರೂ ಮಟಿಲ್ಡಾ. ಇಬ್ಬರು ಮಟಿಲ್ಡಾಗಳ ತಾಯಂದಿರು ಅಕ್ಕತಂಗಿಯರು. ನಮ್ಮ ಲೆಕ್ಕದಲ್ಲಿ ಇವರೂ ಅಕ್ಕತಂಗಿಯರೇ. ಗೊಂದಲವಾಗದಂತೆ ಒಬ್ಬಳನ್ನು ‘ರಾಣಿ’, ಇನ್ನೊಬ್ಬಳನ್ನು ‘ಸಾಮ್ರಾಜ್ಞಿ’ ಎಂದೇ ಕರೆಯಿರಿ.

ಹಂತ 2: ರಾಣಿಯ ಶಕ್ತಿ (7 ನಿಮಿಷ)
ಭೂಪಟದಲ್ಲಿ ಕಡಲ್ಗಾಲುವೆಯ ಆಚೆ ದಡದ ಬುಲೋನ್ ತೋರಿಸಿ. ಅದು ರಾಣಿಗೆ ತಂದೆಯಿಂದ ಬಂದ ಸೀಮೆ. 1138ರಲ್ಲಿ ಡೋವರ್ ಕೋಟೆಗೆ ಮುತ್ತಿಗೆ ಹಾಕಿದಾಗ ಅಲ್ಲಿನ ಹಡಗುಗಳಿಂದಲೇ ಸಮುದ್ರದ ದಾರಿ ಕಟ್ಟಿದಳು. 1139ರಲ್ಲಿ ಸೋದರಮಾವ, ಸ್ಕಾಟ್ಲೆಂಡಿನ ದೊರೆ ಡೇವಿಡ್‌ನೊಡನೆ ಸಂಧಿ ಮಾಡಿಸಿದಳು.

ಹಂತ 3: 1141 (15 ನಿಮಿಷ)
ಕಾಲರೇಖೆಯಲ್ಲಿ ಒಂದೊಂದಾಗಿ ಗುರುತಿಸಿ.

ಫೆಬ್ರವರಿ: ಲಿಂಕನ್ ಯುದ್ಧದಲ್ಲಿ ಸ್ಟೀಫನ್‌ನ ಸೆರೆ, ಬ್ರಿಸ್ಟಲ್‌ನಲ್ಲಿ ಬಂಧನ.
ಜೂನ್: ಗಂಡನನ್ನು ಬಿಡಬೇಕೆಂಬ ರಾಣಿಯ ಬೇಡಿಕೆಯನ್ನು ಸಾಮ್ರಾಜ್ಞಿ ತಳ್ಳಿಹಾಕಿದ್ದಳು. ರಾಣಿಯ ಸೈನ್ಯ ಲಂಡನ್ ಎದುರಿನ ಥೇಮ್ಸ್ ದಂಡೆಯನ್ನು ಸುಲಿಗೆ ಮಾಡಿತು. ಸಾಮ್ರಾಜ್ಞಿ ಕೇಳಿದ ಹಣದಿಂದ ರೊಚ್ಚಿಗೆದ್ದಿದ್ದ ಲಂಡನ್ನಿನವರು ಅವಳನ್ನು ಓಡಿಸಿದರು.
ಸೆಪ್ಟೆಂಬರ್: ವಿಂಚೆಸ್ಟರ್‌ನಲ್ಲಿ ಮುತ್ತಿಗೆ ಹಾಕಿದ್ದ ಸಾಮ್ರಾಜ್ಞಿಯ ಪಡೆಯನ್ನೇ ರಾಣಿಯ ಪಡೆ ಸುತ್ತುವರಿಯಿತು. ಸಾಮ್ರಾಜ್ಞಿ ತಪ್ಪಿಸಿಕೊಂಡಳು, ಅವಳ ಮಲಸಹೋದರ ರಾಬರ್ಟ್ ಸಿಕ್ಕಿಬಿದ್ದನು.
ನವೆಂಬರ್: ರಾಬರ್ಟ್‌ಗೆ ಬದಲಾಗಿ ಸ್ಟೀಫನ್ ಬಿಡುಗಡೆ. ವಿನಿಮಯ ಮುಗಿಯುವವರೆಗೆ ರಾಣಿ ಸ್ವತಃ ಮಗನೊಡನೆ ಬ್ರಿಸ್ಟಲ್‌ನಲ್ಲಿ ಒತ್ತೆಯಾಗಿ ಉಳಿದಳು.

ಪ್ರಶಿಕ್ಷಣಾರ್ಥಿಗಳು ಸುಲಿಗೆಯ ಸಂಗತಿಯನ್ನು ಬಿಡಬಾರದು. ರಾಣಿಯನ್ನು ಕೇವಲ ಪತಿವ್ರತೆಯ ಆದರ್ಶವಾಗಿ ಚಿತ್ರಿಸಿದರೆ ಆ ದಂಡೆಯಲ್ಲಿ ಮನೆಮಠ ಕಳೆದುಕೊಂಡವರು ಪಾಠದಿಂದಲೇ ಮಾಯವಾಗುತ್ತಾರೆ.

ಹಂತ 4: ಆಧಾರದ ಪರೀಕ್ಷೆ (8 ನಿಮಿಷ)
‘ಗೆಸ್ಟಾ ಸ್ಟೆಫಾನಿ’ ಸ್ಟೀಫನ್‌ನ ಪರವಾಗಿ ಬರೆದ ಸಮಕಾಲೀನ ಚರಿತ್ರೆ. ಹೆಣ್ಣಿನ ಮೃದುತನ ಬಿಟ್ಟು ನಿಂತ ರಾಣಿಯ ಗಂಡೆದೆಯನ್ನು ಅದು ಹೊಗಳುತ್ತದೆ. ಸಾಮ್ರಾಜ್ಞಿಯ ಗಟ್ಟಿತನವನ್ನು ಅಹಂಕಾರ ಎನ್ನುತ್ತದೆ. ಇಬ್ಬರೂ ಸೈನ್ಯ ನಡೆಸಿದರು, ಇಬ್ಬರೂ ಆಜ್ಞೆ ಮಾಡಿದರು. ಒಬ್ಬಳಿಗೆ ಹೊಗಳಿಕೆ, ಇನ್ನೊಬ್ಬಳಿಗೆ ತೆಗಳಿಕೆ ಏಕೆ? ಗುಂಪುಗಳಲ್ಲಿ ಚರ್ಚಿಸಲಿ. ಒಬ್ಬಳು ಗಂಡನ ಕಿರೀಟಕ್ಕಾಗಿ, ಇನ್ನೊಬ್ಬಳು ತನ್ನದೇ ಹಕ್ಕಿಗಾಗಿ ಹೋರಾಡಿದಳು ಎಂಬ ಉತ್ತರ ಮಕ್ಕಳಿಂದಲೇ ಬರಲು ಸಮಯ ಕೊಡಿ.

ಮುಕ್ತಾಯ

ರಾಣಿ 1152ರಲ್ಲಿ ತೀರಿಕೊಂಡಳು. ಮರುವರ್ಷದ ಒಪ್ಪಂದದಂತೆ ಸ್ಟೀಫನ್‌ನ ನಂತರ ಪಟ್ಟ ಸಾಮ್ರಾಜ್ಞಿಯ ಮಗ ಹೆನ್ರಿಗೆ ದಕ್ಕಿತು.

ಮೌಲ್ಯಮಾಪನ
1. ಬುಲೋನ್ ಸೀಮೆ ರಾಣಿಗೆ ಹೇಗೆ ನೆರವಾಯಿತು?
2. ರಾಬರ್ಟ್‌ನ ಸೆರೆ ಯುದ್ಧದ ದಿಕ್ಕನ್ನು ಹೇಗೆ ಬದಲಿಸಿತು?

ಗೃಹಪಾಠ
ಕಪ್ಪುಹಲಗೆಯ ಮೊದಲ ವಾಕ್ಯವನ್ನು, ಕೆಲಸ ಮಾಡಿದವರೆಲ್ಲ ಕಾಣುವಂತೆ ತಿದ್ದಿ ಬರೆಯಿರಿ. ನಿಮ್ಮ ಪಠ್ಯಪುಸ್ತಕದಲ್ಲಿ ಇಂಥದೇ ಇನ್ನೆರಡು ವಾಕ್ಯಗಳನ್ನು ಹುಡುಕಿ ತನ್ನಿರಿ.