ಅದ್ಭುತ ಜೀವಿಗೂ ಮೇರೆಯೊಂದಿರಲಿ

ಅದ್ಭುತಕಥೆಯನ್ನು ಬರೆಯಹೊರಟ ತರುಣ ಮಿತ್ರರಿಗೆ ಒಂದು ಕಿವಿಮಾತು. ರೆಕ್ಕೆ, ಕೋರೆ, ಬೆಂಕಿಯುಸಿರುಗಳನ್ನು ಒಂದರ ಮೇಲೊಂದು ಪೇರಿಸಿದ ಮಾತ್ರಕ್ಕೆ ಮಾಯಾಜೀವಿಯು ಸಜೀವವಾಗದು; ಅದರ ಶಕ್ತಿಗೊಂದು ಮೇರೆ, ನಡೆಗೊಂದು ನಿಯಮ, ಒಡಲೊಳಗೊಂದು ಆಸೆ ಇದ್ದಾಗಲೇ ವಾಚಕನು ಅದನ್ನು ನಂಬುವನು.

ನಮ್ಮ ಬೇತಾಳನನ್ನೇ ನೋಡಿರಿ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಶವವನ್ನು ಹೊಕ್ಕ ಅವನು ರಾಜನ ಹೆಗಲೇರಿ ಕಥೆ ಹೇಳಿ, ಕೊನೆಗೊಂದು ಪ್ರಶ್ನೆ ಕೇಳುತ್ತಾನೆ. ಉತ್ತರವನ್ನರಿತೂ ರಾಜನು ಸುಮ್ಮನಿದ್ದರೆ ತಲೆ ಸಿಡಿಯುವುದು, ಬಾಯ್ದೆರೆದರೆ ಮೌನ ಮುರಿದು ಬೇತಾಳನು ಮರಳಿ ಮರವನ್ನು ಸೇರುವನು. ನಮ್ಮನ್ನು ಹಿಡಿದು ನಿಲ್ಲಿಸುವುದು ಶವದ ವಿಕಾರರೂಪವಲ್ಲ, ಈ ಉಭಯಸಂಕಟ. ಕಥಾಮಾಲೆಯೆಲ್ಲವೂ ಆ ಒಂದು ನಿಯಮದ ದಾರದಲ್ಲಿಯೇ ಪೋಣಿಸಲ್ಪಟ್ಟಿದೆ.

1937ರಲ್ಲಿ ಪ್ರಕಟವಾದ ಟೋಲ್ಕಿನ್ನರ ‘ದಿ ಹಾಬಿಟ್’ ಕಾದಂಬರಿಯ ಸ್ಮೌಗ್ ಎಂಬ ಡ್ರ್ಯಾಗನ್ನಿನಲ್ಲಿಯೂ ಇದೇ ಮರ್ಮವಿದೆ. ನಿಧಿಯ ರಾಶಿಯಲ್ಲಿ ಮಲಗಿಯೂ ಕಳುವಾದ ಒಂದೇ ಬಟ್ಟಲಿಗಾಗಿ ಕೆರಳುವ ಅದರ ಲೋಭ, ಹೊಗಳಿಕೆಗೆ ಉಬ್ಬಿ ರತ್ನಖಚಿತವಾದ ಎದೆಯನ್ನು ತೋರಿಸುವ ಅದರ ಜಂಬ, ಎದೆಯ ಎಡಭಾಗದಲ್ಲಿ ಕವಚವಿಲ್ಲದೆ ಉಳಿದ ಒಂದು ತಾಣ, ಇವೆಲ್ಲವನ್ನೂ ವಾಚಕನು ಮೊದಲೇ ಕಂಡಿರುವುದರಿಂದ, ಬಿಲ್ಲುಗಾರ ಬಾರ್ಡನ ಬಾಣವು ಅಲ್ಲಿಯೇ ನೆಟ್ಟಾಗ ಅದು ಆಕಸ್ಮಿಕವೆನಿಸದೆ ನ್ಯಾಯವೆನಿಸುತ್ತದೆ.

ಇದಕ್ಕೆ ಬದಲಾಗಿ, ನಾಯಕನು ಸಂಕಟಕ್ಕೆ ಸಿಲುಕಿದೊಡನೆ ಎಲ್ಲಿಂದಲೋ ಹಾರಿಬಂದು, ಅವನನ್ನು ಪಾರುಮಾಡಿ, ಮತ್ತೆ ಸುಳಿವಿಲ್ಲದಂತಾಗುವ ಪಕ್ಷಿಯನ್ನು ಕಲ್ಪಿಸಿದಿರಾದರೆ, ಕಥೆಯ ಆತಂಕವೂ ಅದರ ಬೆನ್ನೇರಿಯೇ ಹಾರಿಹೋಗುವುದು. ಆದುದರಿಂದ, ಲೇಖನಿಯನ್ನು ಹಿಡಿಯುವ ಮುನ್ನ ನಿಮ್ಮ ಜೀವಿಯು ಏನನ್ನು ತಿನ್ನುವುದು, ಯಾವುದಕ್ಕೆ ಅಂಜುವುದು, ಏನನ್ನು ಮಾಡಲಾರದು ಎಂಬುದನ್ನು ನಿಶ್ಚಯಿಸಿಕೊಳ್ಳಿರಿ. ಅದರ ಅಶಕ್ತಿಯನ್ನು ಚೆನ್ನಾಗಿ ಬಲ್ಲವನೇ ಅದರ ಶಕ್ತಿಯನ್ನು ನಂಬುವಂತೆ ಚಿತ್ರಿಸಬಲ್ಲನು.