‘ನಾಳೆ ಬಾ’ ಅನ್ನಬೇಡ ಮಗಳೇ

ನಾಡಕಚೇರಿಯ ಕೆಲಸಕ್ಕೆ ಸೇರಿದ್ದೀಯ, ಸಂತೋಷ. ಸುತ್ತೋಲೆ, ನಿಯಮ ಎಲ್ಲ ತರಬೇತಿಯಲ್ಲಿ ಹೇಳಿಕೊಟ್ಟಿರುತ್ತಾರೆ. ಅಲ್ಲಿ ಹೇಳದ ಮಾತೊಂದು ನಿನ್ನ ದೊಡ್ಡಪ್ಪನದು: ಬಡವರಿಗೆ ‘ನಾಳೆ ಬಾ’ ಅನ್ನಬೇಡ.

ಒಂದು ಕಾಲಕ್ಕೆ ನಮ್ಮ ಕಡೆ ದೆವ್ವ ಓಡಿಸಲು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಹೋಯಿತು, ಬರಹ ಕಚೇರಿಗಳಿಗೆ ಬಂತು!

ವಿಧವಾ ವೇತನಕ್ಕೆ ಬರುವ ಹೆಂಗಸನ್ನು ಗಮನಿಸು. ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಗಂಡನ ಮರಣ ಪತ್ರ, ಎಲ್ಲದರದ್ದೂ ಎರಡೆರಡು ಜೆರಾಕ್ಸ್. ಓದಲು ಬಾರದು, ನೀನು ಯಾವುದನ್ನು ಕೇಳಿದರೂ ಇಡೀ ಕವರನ್ನೇ ಮುಂದಿಡುತ್ತಾಳೆ. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೇನೋ ಪುಕ್ಕಟೆ, ಬಿಟ್ಟುಬಂದ ಕೂಲಿ ಯಾರು ಕೊಡುತ್ತಾರೆ? ‘ಸಾಹೇಬರಿಲ್ಲ, ನಾಳೆ ಬಾ’ ಅಂದರೆ ಇನ್ನೊಂದು ದಿನದ ಕೂಲಿ ದಂಡ. ಹತ್ತೆಕರೆ ತೋಟದವನಿಗೆ ಈ ದಂಡವಿಲ್ಲ. ಅವನು ಫೋನು ಮಾಡುತ್ತಾನೆ, ಕಾಗದ ಅವನ ಮನೆಗೇ ಹೋಗುತ್ತದೆ.

ಅದಕ್ಕೇ, ಅರ್ಜಿ ಕೈಗೆ ಬಂದ ಕೂಡಲೇ ಸಕಾಲ ವ್ಯವಸ್ಥೆಯಲ್ಲಿ ನೋಂದಾಯಿಸಿ ಸ್ವೀಕೃತಿ ಕೊಟ್ಟುಬಿಡು. 2011ರ ಸಕಾಲ ಕಾಯ್ದೆಯ ಗಡುವು ಓಡಲು ಶುರುವಾಗುವುದೇ ಆ ಸ್ವೀಕೃತಿಯ 15 ಅಂಕಿಯ ಸಂಖ್ಯೆ ಬಿದ್ದ ಮೇಲೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಆಕೆಗಿದೆ. ಕೂಲಿಯ ಮುಂದೆ ಅದೇನೂ ಅಲ್ಲ, ನಿಜ. ಆದರೆ ತಡ ಮಾಡಿದವರಿಂದಲೇ ವಸೂಲಾಗುತ್ತದಲ್ಲ, ಭಯ ಇರುವುದು ಅಲ್ಲಿ. ಕೆಲವರು ‘ಆಮೇಲೆ ಎಂಟ್ರಿ ಮಾಡೋಣ’ ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕುವುದೂ ಅದಕ್ಕೇ. ಆ ಜಾಣತನ ನೀನು ಕಲಿಯಬೇಡ. ದಾಖಲೆ ಕಡಿಮೆಯಿದ್ದರೆ ಏನೇನು ಬೇಕೆಂದು ಒಂದೇ ಸಲಕ್ಕೆ ಚೀಟಿಯಲ್ಲಿ ಬರೆದುಕೊಡು. ಇವತ್ತೊಂದು, ನಾಳೆ ಇನ್ನೊಂದು ಕೇಳಬೇಡ.

ಜಮೀನಿನ ಪಾಲಿಗೆ ಮೈದುನರು ತಕರಾರು ಮಾಡುತ್ತಿದ್ದಾರೆಂದು ಆಕೆ ನಿನ್ನೆದುರು ಅತ್ತರೆ, ‘ಅದು ನಮ್ಮ ಕೆಲಸವಲ್ಲ’ ಎಂದು ಮುಖ ತಿರುಗಿಸಬೇಡ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾರಿ ತೋರಿಸು. 1987ರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು. ಇದು ಊರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಇನ್ನೊಂದು ಮಾತು. ಸ್ವೀಕೃತಿಯ ಅಕ್ಷರ ತೀರಾ ಸಣ್ಣದು. ಯಾವ ತಾರೀಖಿಗೆ ಬರಬೇಕೆಂದು ಹಿಂಬದಿಯಲ್ಲಿ ದಪ್ಪಗೆ ಬರೆ, ‘ಸಂತೆ ಕಳೆದ ಮೂರನೇ ದಿನ ಬನ್ನಿ’ ಎಂದು ಬಾಯಲ್ಲೂ ಹೇಳು. ಇಲ್ಲದಿದ್ದರೆ ಗೇಟಿನ ಹೊರಗೆ ಕೂತ ದಲ್ಲಾಳಿ ಅದನ್ನು ಓದಿ ಹೇಳುವುದಕ್ಕೂ ದುಡ್ಡು ಕೀಳುತ್ತಾನೆ.